ಡಬ್ಬದ ಮೇಲಿಟ್ಟ ಕೈ

ಹೊಸ ವಿಂಡೋಸ್ ಹಾಕುವ ಮುಂಚೆ ಹಳೇ ಡಿಸ್ಕಿನೊಳಗೆ ಚೆದುರಿದ್ದ ಫೈಲುಗಳನ್ನು ಒಪ್ಪ ಮಾಡಲು ಪಾಂಡವಪುರದ ಅಂಧರ ಶಾಲೆಯೊಂದಕ್ಕೆ ಹೋಗಿದ್ದೆ. ಅಲ್ಲಿನ ಕಂಪ್ಯೂಟರಿನಲ್ಲಿ ಪರದೆಯನ್ನು ಓದಿ ಹೇಳುವ ಒಂದು ದನಿಯಿತ್ತು. ಡಿಸ್ಕಿನ ಕೆಲಸ ಮುಗಿಯುವ ತನಕ ಅದನ್ನೂ ಮುಚ್ಚಿಡಬೇಕು. ಮುಚ್ಚಿದೆ.

ಕಣ್ಣು ಕಾಣದ ಸಿದ್ದಪ್ಪ ಮೇಷ್ಟ್ರು ಗಾಬರಿಯಾದರು. "ಯಾಕ್ ಸಾ, ಮಾತೇ ನಿಂತೋಯ್ತು? ಕೆಟ್ಟೋಯ್ತಾ?"

"ಇಲ್ಲ ಮೇಷ್ಟ್ರೇ, ಒಳಗೆ ಕೆಲಸ ಮಾಡ್ತಿದೆ. ಮುಟ್ಟಿ ನೋಡಿ" ಎಂದು ಅವರ ಕೈಯನ್ನು ಕಂಪ್ಯೂಟರಿನ ಡಬ್ಬದ ಮೇಲಿಟ್ಟೆ. ಡಿಸ್ಕು ಕರಕರ ಅನ್ನುತ್ತ ಸಣ್ಣಗೆ ನಡುಗುತ್ತಿತ್ತು.

ಯಾರೋ ಬಂದು ಊಟಕ್ಕೆ ಕರೆದರೂ ಮೇಷ್ಟ್ರು ಕೈ ತೆಗೆಯಲಿಲ್ಲ.

"ನಮ್ಮನೆಯವ್ಳಿಗೂ ಕಡೇಲಿ ಇಂಗೇ ಮಾತು ನಿಂತೋಗಿತ್ತು ಸಾ. ಎಲ್ರೂ ಮಕ ನೋಡ್ಕಂಡು ಕುಂತಿದ್ರು. ನಾನು ಎದೆ ಮ್ಯಾಲೆ ಕೈ ಮಡಿಕ್ಕಂಡು ಕುಂತಿದ್ದೆ. ಉಸ್ರು ನಿಂತಿದ್ದು ಮೊದ್ಲು ಗೊತ್ತಾಗಿದ್ದು ನಂಗೇಯ."

ನಾನು ಅವರ ಹಿಂದೆ ಒಂದು ಕುರ್ಚಿ ಎಳೆದಿಟ್ಟೆ.

ಸಂಜೆ ಹೊತ್ತಿಗೆ ಕೆಲಸ ಮುಗಿದು ಡಿಸ್ಕಿನ ನಡುಕ ನಿಂತಿತು. ಮೇಷ್ಟ್ರ ಬೆರಳುಗಳು ಡಬ್ಬವನ್ನು ಬಿಗಿಯಾಗಿ ಒತ್ತಿದವು. ನಾನು ಅವಸರ ಅವಸರವಾಗಿ ದನಿಯನ್ನು ಮತ್ತೆ ಎಬ್ಬಿಸಿದೆ. ಅದು ಮೂಗಿನಲ್ಲೇ ಏನೋ ಇಂಗ್ಲಿಷು ಒದರಿತು.

"ಬಂದ್ಯೇನಮ್ಮೀ?" ಎಂದರು ಮೇಷ್ಟ್ರು, ಈ ಕಡೆಯವರು ಹೆಂಡತಿಯನ್ನು ಕರೆಯುವ ಹಾಗೆ, ಮೆಲ್ಲಗೆ.

ಕಂಪ್ಯೂಟರಿನದು ಗಂಡಸಿನ ದನಿ. ದಿನಾ ಕೇಳುವ ಮೇಷ್ಟ್ರಿಗೆ ಅದೇನು ಗೊತ್ತಿಲ್ಲದ್ದಲ್ಲ.