ಕೊಡದ ಕಂಠದ ಹೆಸರು

ಬಳ್ಳಾರಿಯ ಪಾತ್ರೆ ಅಂಗಡಿಯೊಂದರ ಮುಂದೆ ಕೂತು ಚಿದಾನಂದಪ್ಪ ಮೂವತ್ತೆಂಟು ವರ್ಷಗಳಿಂದ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದಾರೆ. ಬೆರಳುಗಳು ಮರಗಟ್ಟಿವೆ, ಮಧ್ಯಾಹ್ನಕ್ಕೇ ಸಾಕೆನಿಸುತ್ತದೆ. ಸೋಮವಾರ ಕುರುಗೋಡಿನ ಮೀನಾಕ್ಷಿ ಹಳೆಯ ಹಿತ್ತಾಳೆ ಕೊಡವೊಂದನ್ನು ಅವರ ಮುಂದಿಟ್ಟರು.

"ಈ ಹೆಸರು ಉಜ್ಜಿ, ಮಗಳು ಚೈತ್ರಾ ಹೆಸರು ಹಾಕ್ರಿ. ಗುರುವಾರ ಮದುವಿ ಐತಿ."

ಕಂಠದ ಮೇಲೆ 'ಗಾದೆಮ್ಮ, ದೇಶನೂರು, 1996' ಎಂದಿತ್ತು.

"ಯಾರಮ್ಮ ಈಕಿ?"

"ನಮ್ಮನಿಯವರ ಮೊದಲ್ನೇ ಹೆಂಡ್ತಿ. ತವರಿನವರು ಮದುವಿಗೆ ಕೊಟ್ಟ ಕೊಡ. ಚೈತ್ರಾನ್ನ ಹಡದು ತೀರಿಕೊಂಡ್ಳು." ಮೀನಾಕ್ಷಿ ದನಿ ತಗ್ಗಿಸಿದರು. "ಚೈತ್ರಾ ನಾನ ಹಡದಾಕಿ ಅಂತ ತಿಳ್ಕೊಂಡಾಳ. ಕೊಡ ಅಟ್ಟದ ಮ್ಯಾಲ ಮುಚ್ಚಿಟ್ಟಿದ್ದೆ. ಆದ್ರ ತಾಯಿ ಕೊಡ ಮಗಳಿಗೇ ಹೋಗ್ಬೇಕಲ್ರೀ."

ಚಿದಾನಂದಪ್ಪ ಉಳಿ ಕೆಳಗಿಟ್ಟರು.

"ಉಜ್ಜಿದ್ರ ಆ ಜಾಗ ಅಷ್ಟ ಹೊಳಿತೈತಿ. ಬೀಗರ ಕಣ್ಣು ಪೊಲೀಸರ ಕಣ್ಣಿದ್ದಂಗ. ಯಾರ ಹೆಸರು ಅಳಿಸೀರಿ ಅಂತ ಅವರು ನಿನ್ನ ಮಗಳನ್ನ ಕೇಳ್ತಾರ."

ಮೀನಾಕ್ಷಿ ಹಳೆಯ ಹೆಸರಿನ ಮೇಲೆ ಬೆರಳಾಡಿಸಿದರು.

"ಇರ್ಲಿ ಬಿಡ್ರಿ. ಅದರ ಕೆಳಗ ಚೈತ್ರಾ ಹೆಸರು ಹಾಕ್ರಿ. ಇವತ್ತು ರಾತ್ರಿ ಅಕಿಗೆ ಎಲ್ಲಾ ನಾನ ಹೇಳ್ತೀನಿ."

ಚಿದಾನಂದಪ್ಪ ಗಾದೆಮ್ಮನ ಹೆಸರಿನ ಕೆಳಗೆ ಚುಕ್ಕೆ ಚುಕ್ಕೆಯಾಗಿ 'ಚೈತ್ರಾ' ಎಂದು ಕೊರೆದರು. ಬುಧವಾರ ಕೊಡ ಒಯ್ಯಲು ಚೈತ್ರಾಳೇ ಬರುತ್ತಾಳೆಂದು ಮೀನಾಕ್ಷಿ ಹೇಳಿ ಹೋಗಿದ್ದರು.