ಬಾಳೆದಿಂಡಿಗೆ ಬಡಿಯುವ ಸದ್ದು

ಬಾಳೆಯ ಒಣಗಿದ ಎಲೆ ಕೊಯ್ಯುವ ಮುನ್ನ ನಾವು ಕುಡುಗೋಲಿನ ಹಿಂಬದಿಯಿಂದ ದಿಂಡಿಗೆ ಎರಡೇಟು ಬಡಿಯುತ್ತೇವೆ. ಪಟ್ಟೆಯ ಸಂದಿನಲ್ಲಿ ಹಾವು ಮಲಗಿದ್ದರೆ ಜಾಗ ಬಿಟ್ಟು ಹೋಗಲಿ ಎಂದು. ಅತ್ತೆ ಒಂದು ಸಾಲಿನಲ್ಲಿ, ನಾನು ಪಕ್ಕದ ಸಾಲಿನಲ್ಲಿ. ಅವರ ದಬ್ ದಬ್ ಕೇಳುತ್ತಿದ್ದರೆ ನನಗೆ ಧೈರ್ಯ. ಲೊಕ್ಕನಹಳ್ಳಿಯ ನಮ್ಮ ತೋಟದ ಹಿಂದೆಯೇ ಕಾಡು; ನಾನೋ ಕೊಳ್ಳೇಗಾಲದ ಪೇಟೆಯಲ್ಲಿ ಬೆಳೆದು ಇಲ್ಲಿಗೆ ಸೊಸೆಯಾಗಿ ಬಂದವಳು, ಓತಿಕ್ಯಾತ ಕಂಡರೂ ಕಿರುಚುವವಳು.

ಆ ವಾರ ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದರು. ತಪ್ಪು ನನ್ನದೇ. ಬಾಳೆಯ ಬುಡದಲ್ಲಿ ಚಿಗುರಿದ ಕಂದುಗಳನ್ನು ತೆಗೆಯುವಾಗ, ಅವರು ಉಳಿಸಲೆಂದು ಗುರುತು ಮಾಡಿದ್ದ ಕಂದನ್ನೇ ಕತ್ತರಿಸಿದ್ದೆ.

"ಮುಂದ್ಲೊರ್ಸ ಗೊನೆ ಬುಡೋ ಕಂದು ಅದು ಕನಮ್ಮಿ! ಕಣ್ಣ ಎಲ್ಲಿ ಮಡಗಿದ್ದೆ?" ಎಂದವರು ಮತ್ತೆ ತುಟಿ ಬಿಚ್ಚಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವರ ಬಡಿತವೂ ನಿಂತಿತು. ಇದನ್ನೂ ಬಿಟ್ಟರಲ್ಲ ಎಂದು ಮೈಯೆಲ್ಲ ಉರಿಯಿತು. ಹಠಕ್ಕೆ ನಾನು ಇನ್ನೂ ಜೋರಾಗಿ ಬಡಿದೆ, ಐದು ಏಟು, ಹತ್ತು ಏಟು. ಜೋತುಬಿದ್ದ ಒಣ ಎಲೆಯನ್ನು ಕೊಯ್ದು ಎಳೆದೆ. ಆ ಕಿಂಡಿಯಲ್ಲಿ ಆನೆ ಕಂಡಿತು.

ಒಂಟಿ ಸಲಗ. ಏಳೆಂಟು ದಿಂಡುಗಳಾಚೆ. ಅದಕ್ಕೂ ಆಚೆ ಅತ್ತೆ, ಬಾಯಿಗೆ ಸೆರಗು ಅದುಮಿಕೊಂಡು, ಬಾಳೆಬುಡಕ್ಕೆ ಒರಗಿ ಕೂತಿದ್ದರು. ಆನೆಗೆ ಸುಳಿವು ಸಿಗದಿರಲೆಂದೇ ಅವರು ಸುಮ್ಮನಾಗಿದ್ದರು. ನಾನು ಬಡಿದು ಬಡಿದು ಅದನ್ನು ನನ್ನ ಕಡೆಗೆ ಕರೆದಿದ್ದೆ. ಅದು ಕಿವಿ ಅಗಲಿಸಿ ಒಂದು ಹೆಜ್ಜೆ ಇಟ್ಟಿತು. ನಾನು ಕುಡುಗೋಲನ್ನು ಬಿಗಿಯಾಗಿ ಹಿಡಿದು ನಿಂತಲ್ಲೇ ನಿಂತೆ. ಲಂಗ ಒದ್ದೆಯಾದದ್ದು ಆಮೇಲೆ ತಿಳಿಯಿತು.

ಆಗ ಆಚೆಯಿಂದ ದಬ್ ದಬ್ ಎಂದು ಕೇಳಿತು. ಅತ್ತೆ ಬೇಕೆಂದೇ ಬಡಿಯುತ್ತಿದ್ದರು. ಆನೆ ಅವರತ್ತ ತಿರುಗಿತು.

ನಾನೊಂದು ಏಟು ಹಾಕಿದ್ದರೆ ಅದು ಮತ್ತೆ ಇತ್ತ ನೋಡುತ್ತಿತ್ತು. ಕುಡುಗೋಲು ಕೈಯಲ್ಲೇ ಇತ್ತು. ಹಠಕ್ಕೆ ಹತ್ತು ಸಲ ಬಡಿದವಳು ಅವರಿಗಾಗಿ ಒಂದು ಸಲ ಬಡಿಯಲಿಲ್ಲ. ಅತ್ತಲೇ ಹೋಗಲಿ ದೇವರೇ, ಅತ್ತಲೇ ಹೋಗಲಿ ಎಂದು ಬೇಡಿಕೊಂಡೆ.

ಆನೆ ಅತ್ತೆಯ ಮುಂದೆ ಸ್ವಲ್ಪ ಹೊತ್ತು ನಿಂತಿತು. ಒಂದು ಬಾಳೆಯನ್ನು ಬುಡಸಹಿತ ಕೆಡವಿ, ಬಂದಿದ್ದ ದಾರಿಯಲ್ಲೇ, ತಾನು ಮುರಿದಿದ್ದ ಸೋಲಾರ್ ಬೇಲಿ ದಾಟಿ ಕಾಡಿಗೆ ಹೋಯಿತು.

ಅತ್ತೆ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕುಡುಗೋಲು ತೆಗೆದುಕೊಂಡರು. ಮೂರು ದಿನದ ಮೇಲೆ ಮಾತಾಡಿದರು.

"ನಾ ಬಡುದ್ಮೇಲೆ ನೀ ಬಡೀದೆ ಇದ್ದದ್ದು ಒಳ್ಳೇದಾಯ್ತು ಕನಮ್ಮಿ. ಅಂತೂ ಬುದ್ದಿ ಬಂತು ನಿಂಗೆ."

ನಾನು ಹೂಂ ಅಂದೆ. ಈಗಲೂ ಮನೆಗೆ ಯಾರಾದರೂ ಬಂದರೆ ಅತ್ತೆ ಈ ಕತೆ ಹೇಳಿ ನನ್ನನ್ನು ಹೊಗಳುತ್ತಾರೆ. ಆ ಮಾತು ಬರುವಷ್ಟರಲ್ಲಿ ನಾನು ಎದ್ದು ಒಳಗೆ ಹೋಗಿರುತ್ತೇನೆ.