ಚಾಕು ಕೊಟ್ಟವನೇ ಕಲ್ಲು ಮಾರಿದ

ಕಲ್ಲಿನ ಬಳೆಯಿಂದ ಬಿಪಿ ಇಳಿಯುವುದಿಲ್ಲ. ಕಲ್ಲು ಅಸಲಿಯಾದರೂ ಇಳಿಯುವುದಿಲ್ಲ, ನಕಲಿಯಾದರೂ ಇಳಿಯುವುದಿಲ್ಲ. ಇದನ್ನು ಹೇಳಲು ಡಾಕ್ಟರೇ ಬೇಕಿಲ್ಲ. ಆದರೂ ಕುಂದಗೋಳದ ಹತ್ತಿರದ ಸಂಶಿ ಊರಿನ ಒಂದು ಓಣಿಯಲ್ಲಿ ಮನೆಮನೆಗೂ ಹಸಿರು ಕಲ್ಲಿನ ಬಳೆ ಬಂತು. ಬಂದದ್ದು ಪೆದ್ದರ ಕೈ ಹಿಡಿದಲ್ಲ. ಊರಿಗೇ ಸಂಶಯದವಳೆಂದು ಹೆಸರಾದ ಹೆಣ್ಣುಮಗಳ ಕೈ ಹಿಡಿದು ಬಂತು.

ಆಕೆ ಸುಶೀಲವ್ವ. ಸಂತೆಯಲ್ಲಿ ಆಕೆ ಕಂಡಳೆಂದರೆ ವ್ಯಾಪಾರಸ್ಥರು ಒಬ್ಬರಿಗೊಬ್ಬರು ಕಣ್ಸನ್ನೆ ಮಾಡುತ್ತಿದ್ದರು. ಗಡಿಗೆಯನ್ನು ಬೆರಳಿನಿಂದ ಬಡಿದು ಕಿವಿಗೆ ಹಿಡಿಯುವಳು. ಜೋಳವನ್ನು ಕಟಕ್ಕೆಂದು ಕಡಿದು ನೋಡುವಳು. ಬೆಲ್ಲ ಒಡೆಸಿ ಒಳಗಿನ ಬಣ್ಣ ಪರೀಕ್ಷಿಸುವಳು. ಮೆಣಸಿನಕಾಯಿ ತರುವ ದಿನವಂತೂ ಎಣ್ಣೆ ಸವರಿದ ಅರಿವೆ ತುಂಡೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮನೆ ಬಿಡುವಳು. ಅದರಿಂದ ಕಾಯಿಯ ಮೈ ಒರೆಸಿ, ಅರಿವೆ ಕೆಂಪಾಯಿತೋ, ಚೀಲವನ್ನು ಕಾಲಿನಿಂದ ಸರಿಸಿ ಮುಂದೆ ಹೋಗುವಳು.

"ಬಣ್ಣ ಹಾಕಿದ ಮಾಲ್ ತಿಂದು ಸಾಯಾಕ ನಮಗೇನ್ ಬ್ಯಾರೆ ಹಾದಿ ಇಲ್ಲೇನು?"

ಗಂಡ ಈರಬಸಪ್ಪ ಕಟ್ಟೆಯ ಮೇಲೆ ಕೂತು ಮಂದಿಗೆ ಹೇಳುತ್ತಿದ್ದ: "ನನ್ನೂ ಹಂಗ ಬಡದ ನೋಡೇ ಮದಿವಿ ಆಗ್ಯಾಳ್ರೀ. ಏನ್ ಸಪ್ಪಳ ಕೇಳಿ ಹ್ಞೂಂ ಅಂದ್ಲೋ, ಇವತ್ತಿಗೂ ಗೊತ್ತಿಲ್ಲ."

ಇಂಥವಳ ಊರಿಗೆ ಕಾಶಿನಾಥ ಬಂದ. ಹುಬ್ಬಳ್ಳಿ ಕಡೆಯವನಂತೆ; ಇಸ್ತ್ರಿ ಅಂಗಿ, ಬಾಯಿ ತುಂಬ 'ಅವ್ವಾರ'. ಸಮುದಾಯ ಭವನ ಬಾಡಿಗೆಗೆ ಹಿಡಿದು ಪುಕ್ಕಟೆ ಮಸಾಜ್ ಶಿಬಿರ ತೆರೆದ. ಬಿಸಿ ಹಾಸಿಗೆಯ ಮೇಲೆ ಮಲಗಿಸಿ ಬೆನ್ನಿಗೆ ಕಾವು ಕೊಡಿಸುತ್ತಿದ್ದ. ಕಳೆ ಕಿತ್ತು, ಹತ್ತಿ ಬಿಡಿಸಿ ಬಾಗಿದ ಬೆನ್ನುಗಳು ಅವು. "ಎಲ್ಲಿ ನೋವೈತ್ರಿ ಅವ್ವಾರ?" ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಗಂಡ ಕೇಳಿರಲಿಲ್ಲ, ಮಗ ಕೇಳಿರಲಿಲ್ಲ. ಮಾರಲು ಬಂದವನು ಕೇಳಿದ. ಈ ಮಾತು ಓದಿ ನಾಚಿಕೆಯಾದರೆ ಆಗಲಿ.

ಓಣಿಯ ಹೆಂಗಸರೆಲ್ಲ ಅವನಿಗೆ ಒಲಿದ ಮೇಲೆ ಬಳೆ ಹೊರಗೆ ಬಂದವು. ಜೇಡ್ ಕಲ್ಲಂತೆ, ಪರದೇಶದ್ದಂತೆ. ಜೇಡ್ ಎಂಬ ಬೆಲೆಬಾಳುವ ಹಸಿರು ಕಲ್ಲು ಇರುವುದು ಖರೆ. ಅವನ ಪೆಟ್ಟಿಗೆಯಲ್ಲಿದ್ದದ್ದು ಅದೇ ಹೌದೋ ಅಲ್ಲವೋ ಎಂಬುದೇ ಪ್ರಶ್ನೆ. ಕಾಶಿನಾಥ ಜಾಣ. ಮೊದಲು ಸುಶೀಲವ್ವನ ಕೈಗೆ ಬಳೆ ಕೊಡಲಿಲ್ಲ, ಚಾಕು ಕೊಟ್ಟ.

"ನೀವು ಸುಮ್ನ ನಂಬೋರಲ್ಲ ಅಂತ ಕೇಳೇನ್ರಿ ಅವ್ವಾರ. ನಂಬಬ್ಯಾಡ್ರಿ. ಗೀರಿ ನೋಡ್ರಿ."

ಪ್ಲಾಸ್ಟಿಕ್ ಬಳೆಯ ಮೇಲೆ ಗೀರಿದಳು, ಗೀರು ಬಿತ್ತು. ಕಲ್ಲಿನ ಬಳೆಯ ಮೇಲೆ ಗೀರಿದಳು, ಚಾಕುವೇ ಜಾರಿತು. ಕೆನ್ನೆಗೆ ಹಿಡಿಯಲು ಹೇಳಿದ. ಕಲ್ಲು ತಣ್ಣಗಿತ್ತು. ಸುಶೀಲವ್ವ ತಲೆಯಾಡಿಸಿದಳು. ಆಕೆ ತಲೆಯಾಡಿಸಿದ ಮೇಲೆ ಓಣಿಯಲ್ಲಿ ಮತ್ತೆ ಯಾರು ಕೇಳುತ್ತಾರೆ? ಒರೆಸಿ ನೋಡಬೇಕೆಂದು ಮಾತ್ರ ಆಕೆಗೆ ಹೊಳೆಯಲಿಲ್ಲ. ಮೆಣಸಿನಕಾಯಿಗೆ ಬಣ್ಣ ಹಾಕುವವರನ್ನು ಕಂಡಿದ್ದಳು; ಕಲ್ಲಿಗೆ ಯಾರು ಹಾಕುತ್ತಾರೆ?

ಕಾಶಿನಾಥ ಆಕೆಯ ಕೈಗೆ ಸಾಬೂನು ಹಚ್ಚಿ ತಾನೇ ಬಳೆ ಏರಿಸಿದ. ರೊಕ್ಕ ಮುಟ್ಟಲಿಲ್ಲ. "ನಿಮಗ ಮರ್ಯಾದಿಗೆ ಕೊಟ್ಟಿದ್ದು," ಅಂದ. ಉಳಿದವರು ರೊಕ್ಕ ಕೊಟ್ಟೇ ಏರಿಸಿಕೊಂಡರು. ಅವರಿಗೆಲ್ಲ ಒಂದು ಮಾತು ಹೇಳಿದ: "ಹಸರ ಬಳಿ, ಮುತ್ತೈದೇರ ಕೈ. ತಗದೀರಿ ಅಂದ್ರ ಗುಣ ಹೋಗ್ತೈತ್ರಿ. ರಕ್ತ ತಾನ ಹದಕ್ಕ ಬರ್ತೈತಿ. ಗುಳಿಗಿ ನುಂಗೂದು ಬಿಡೂದು ನಿಮಗ ಬಿಟ್ಟಿದ್ದು."

ಮಾತಿನ ಕುತಂತ್ರ ನೋಡಿ. ಗಂಡ ಬದುಕಿರುವ ಯಾವ ಹೆಂಗಸು ನಮ್ಮ ಕಡೆ ಹಸಿರು ಬಳೆ ತೆಗೆಯುತ್ತಾಳೆ? ತೆಗೆಯದ ಬಳೆಯನ್ನು ಯಾರು ತೂಗಿ ನೋಡುತ್ತಾರೆ? ಗುಳಿಗೆ ಬಿಡಿ ಎಂದೂ ಅವನು ಹೇಳಲಿಲ್ಲ. ನಾಳೆ ಪೊಲೀಸರು ಕೇಳಿದರೆ ಅವನ ನಾಲಿಗೆ ಸ್ವಚ್ಛ. ಬಾಜು ಮನೆಯ ಮೈಲಾರವ್ವನಿಗೆ ಬಹಳ ವರ್ಷದ ಬಿಪಿ. ಆಕೆ ಗುಳಿಗೆ ಬಿಟ್ಟಳು.

ಶಿಬಿರ ಕಿತ್ತು ಹೋದ ಸ್ವಲ್ಪ ದಿನಕ್ಕೆ ಸುಶೀಲವ್ವನ ಮಗಳು ರೋಹಿಣಿಯ ಕುಬಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸುವ ಕಾರ್ಯ. ಹಿಂದಿನ ದಿನ ಮುಂಜಾನೆ ರೋಹಿಣಿ ಉಗುರಿಗೆ ಕೆಂಪು ಬಣ್ಣ ಹಚ್ಚಿಕೊಳ್ಳುತ್ತಿದ್ದಾಗ ಒಂದು ಹನಿ ಅವ್ವನ ಕಲ್ಲಿನ ಬಳೆಯ ಮೇಲೆ ಬಿತ್ತು. ಉಗುರಿನ ಬಣ್ಣ ತೆಗೆಯುವ ಔಷಧಿಯಲ್ಲಿ ಹತ್ತಿ ಅದ್ದಿ ಒರೆಸಿದಳು. ಹತ್ತಿ ಬರೀ ಕೆಂಪಾಗಬೇಕಿತ್ತು. ಕೆಂಪಿನ ಸುತ್ತ ಹಸಿರೂ ಹತ್ತಿತ್ತು.

"ಯವ್ವಾ, ನಿನ್ನ ಕಲ್ಲು ಬಣ್ಣ ಬಿಡಾಕತ್ತೈತಿ!"

ಸುಶೀಲವ್ವ ಹತ್ತಿ ಕಸಿದುಕೊಂಡು ಮತ್ತೆ ತಿಕ್ಕಿದಳು. ಮಗಳ ಫೋನಿನ ಬೆಳಕು ಹಿಡಿಸಿ ನೋಡಿದಳು. ಹಸಿರು ಕಲ್ಲಿನ ಮೈಯೆಲ್ಲ ಹರಡಿರಲಿಲ್ಲ. ಸಣ್ಣ ಬಿರುಕುಗಳಲ್ಲಿ ಬೇರಿನ ಹಾಗೆ ಇಳಿದು ಕೂತಿತ್ತು. ಸಾಬೂನು ಹಚ್ಚಿ, ಹಲ್ಲು ಕಚ್ಚಿ ಬಳೆ ಕಳಚಿದಳು. ಕುಬಸದ ಕೆಲಸ ಅಲ್ಲೇ ಬಿಟ್ಟು ಕುಂದಗೋಳದ ಬಸ್ಸು ಹತ್ತಿದಳು.

ಅಲ್ಲಿ ಚಿನ್ನಬೆಳ್ಳಿ ಕೆಲಸದ ಪತ್ತಾರ ಮೌನೇಶ ಬಳೆಯನ್ನು ಮೊದಲು ತಕ್ಕಡಿಯಲ್ಲಿ ತೂಗಿದ. ಆಮೇಲೆ ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ತೂಗಿದ.

"ಜೇಡ್ ಆಗಿದ್ರ ನೀರಾಗ ಮೂರನೇ ಪಾಲು ತೂಕ, ಹೆಚ್ಚುಕಡಿಮಿ ಅಷ್ಟ ಕಳಕೊಂತಿತ್ರಿ. ಇದು ಅದಕ್ಕಿಂತ ಜಾಸ್ತಿ ಕಳಕೊಂಡೈತಿ. ಗಾಜಿರಬೇಕು, ಇಲ್ಲಾ ಬಣ್ಣ ಕುಡಿಸಿದ ಬೆಣಚು ಕಲ್ಲಿರಬೇಕು. ಚಾಕು ಹತ್ತಲಿಲ್ಲ ಅಂತೀರಿ. ಹಂಗಾರ ಬೆಣಚು."

"ಬೆಣಚು? ಬದುವಿನ ಮ್ಯಾಲೆ ಬಿದ್ದಿರತೈತಲ್ಲ, ಅದು?"

"ಆ ಜಾತೀದ್ದ ಅಂತೇಳ್ರಿ."

ಬದುವಿನ ಬೆಣಚುಕಲ್ಲಿಗೆ ಕುಡುಗೋಲು ಹತ್ತುವುದಿಲ್ಲ, ಅದು ಅಂಗೈಗೆ ತಣ್ಣಗಿರುತ್ತದೆ. ಇದು ಸುಶೀಲವ್ವನಿಗೆ ಲಂಗ ಉಡುವ ವಯಸ್ಸಿನಿಂದ ಗೊತ್ತು. ಗೊತ್ತಿದ್ದೂ ಕಾಶಿನಾಥನ ಪರೀಕ್ಷೆಯನ್ನು ಪರೀಕ್ಷೆಯೆಂದು ಒಪ್ಪಿದ್ದಳು.

"ಅಂದ್ರ ಹತ್ತಿಗೆ ಬಣ್ಣ ಬಿಡಲಿಲ್ಲಾಂದ್ರ ಅಸಲಿ ಅಂತ ತಿಳೀಬೇಕೇನು?"

"ಹಂಗೂ ಇಲ್ರಿ. ಎಲ್ಲಾ ಬಣ್ಣ ಬಿಡೂದಿಲ್ಲ. ಅಸಲಿ ಜೇಡಿಗೂ ಆ್ಯಸಿಡ್ ಹಾಕಿ, ಒಳಗ ರಾಳ ತುಂಬಿ ಹೊಳಪು ಮಾಡ್ತಾರ. ಅದು ನನ್ನ ತಕ್ಕಡಿಗೂ ಸಿಗೂದಿಲ್ಲ. ಲ್ಯಾಬಿನ ಮಶೀನಿಗೆ ಹಾಕಬೇಕು. ಮಾರಾಂವ ಕೊಟ್ಟ ಸರ್ಟಿಫಿಕೇಟ್ ಅಲ್ಲ ಮತ್ತ, ನೀವ ಮಾಡಿಸಿದ್ದು."

ಮರುದಿನ ಮನೆ ತುಂಬ ಹೆಂಗಸರು. ಬಳೆಗಾರ್ತಿ ಖಾದರಬಿ ನಡುಮನೆಯಲ್ಲಿ ಕೂತು ಒಬ್ಬೊಬ್ಬರ ಕೈ ಹಿಡಿದು ಗಾಜಿನ ಬಳೆ ಏರಿಸುತ್ತಿದ್ದಳು. ಮಗಳ ಶುಭಕಾರ್ಯದ ದಿನ ಬಳೆಯ ಕೆಟ್ಟ ಮಾತು ಎತ್ತಬಾರದೆಂದು ಸುಶೀಲವ್ವ ತುಟಿ ಬಿಗಿಹಿಡಿದಿದ್ದಳು. ಅಷ್ಟರಲ್ಲಿ ಖಾದರಬಿಗೆ ಕೈ ಕೊಡಲು ಎದ್ದ ಮೈಲಾರವ್ವ ಕಂಬ ಹಿಡಿದು ನಿಂತುಬಿಟ್ಟಳು.

"ಏನಿಲ್ಲ ಬೇ, ತಲಿ ಗರ್ ಅಂತು."

ಸುಶೀಲವ್ವನಿಗೆ ತಡೆಯಲಾಗಲಿಲ್ಲ. "ಯಕ್ಕಾ, ಆ ಬಳಿ ಖೊಟ್ಟಿ. ಬಣ್ಣ ಹಾಕಿದ ಬೆಣಚು ಕಲ್ಲು. ನಿನ್ನಿ ತೂಗಿಸಿ ಬಂದೇನಿ."

ಮೈಲಾರವ್ವ ಸುಶೀಲವ್ವನ ಬರಿದಾದ ಮಣಿಕಟ್ಟು ನೋಡಿದಳು.

"ಚಾಕು ಹಾಕಿ ಹೌದು ಅಂದಾಕಿ ನೀನ ಅಲ್ಲೇನ ಸುಶೀಲಿ? ನಿನಗ ಪುಕಟ ಕೊಟ್ಟ, ನಮಗ ರೊಕ್ಕಕ್ಕ ಕೊಟ್ಟ. ಅವತ್ತ ಯಾಕ ಅಂತ ನಾ ಕೇಳಲಿಲ್ಲ. ಇವತ್ತ ಕೇಳ್ತೀನಿ, ಎಷ್ಟ ತಿಂದಿ?"

ಊರಿನ ಮೇಲೆಲ್ಲ ಸಂಶಯಪಟ್ಟವಳ ಮೇಲೆ ಸಂಶಯ ತಿರುಗಿತು. ತಪ್ಪೇನಿಲ್ಲ, ತಿರುಗಬೇಕಾದದ್ದೇ. ಈರಬಸಪ್ಪ ಬಾಗಿಲಲ್ಲಿ ನಿಂತು ನೆಲ ನೋಡಿದ. ಖಾದರಬಿಯೊಬ್ಬಳೇ ಮೆಲ್ಲಗೆ, "ನಾನರ ಗಾಜು ಅಂತ ಹೇಳೇ ಮಾರ್ತೀನಿ ನಮ್ಮವ್ವ," ಅಂದಳು.

"ಒಂದು ಬಳಿ ತಿಂದೆ ಯಕ್ಕಾ, ಅಷ್ಟ," ಅಂದಳು ಸುಶೀಲವ್ವ. "ಬೈ, ನಾಕ ಮಂದಿ ಮುಂದ ಬೈ. ಆದ್ರ ಆ ಬಳಿ ತಗಿ, ಬಿಟ್ಟ ಗುಳಿಗಿ ನುಂಗು."

"ಮುತ್ತೈದಿ ಕೈಯಾಗಿಂದು ಹಸರ ಬಳಿ ತಗಿ ಅಂತೀಯಲ್ಲ, ನಾಚಿಕಿಲ್ಲೇನ?"

"ತಗೀಬ್ಯಾಡ. ಇರ್ಲಿ ಬಿಡು, ಸಾಯೂತನಕಾ ಇರ್ಲಿ. ಕಲ್ಲು ಏನರ ಇರ್ಲಿ, ನನಗದು ಬೇಕಾಗಿಲ್ಲ. ಎದ್ದೇಳು, ದವಾಖಾನಿಗೆ ಹೋಗೂಣು."

ಮಗಳ ಉಡಿ ತುಂಬುವ ಹೊತ್ತಿಗೆ ತಾಯಿ ಮನೆಯಲ್ಲಿರಲಿಲ್ಲ. ಮೈಲಾರವ್ವನ ರಟ್ಟೆ ಹಿಡಿದು ಸರಕಾರಿ ದವಾಖಾನೆಯ ಬೆಂಚಿನ ಮೇಲೆ ಕೂತಿದ್ದಳು. ಬಿಪಿ ನೋಡಿದ ನರ್ಸ್ ಬೈಯಲೂ ಇಲ್ಲ. ಓಡಿಹೋಗಿ ಡಾಕ್ಟರನ್ನು ಕರೆತಂದಳು. ಇನ್ನೆರಡು ದಿನ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಡಾಕ್ಟರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಮೈಲಾರವ್ವ ಬದುಕಿದ್ದಾಳೆ, ಗುಳಿಗೆ ನುಂಗುತ್ತಿದ್ದಾಳೆ. ಬಳೆ ಇನ್ನೂ ಕೈಯಲ್ಲೇ ಇದೆ. ಸುಶೀಲವ್ವನೊಡನೆ ಮಾತು ಬಿಟ್ಟಿದ್ದಾಳೆ. ಆದರೂ ದಿನಾ ಊಟವಾದ ಮೇಲೆ ಸುಶೀಲವ್ವ ಅವಳ ಹೊಸ್ತಿಲಿಗೆ ಹೋಗಿ ನಿಲ್ಲುತ್ತಾಳೆ. ಒಳಗಿನಿಂದ "ನುಂಗೇನಿ, ಹೋಗು" ಎಂದು ಕೇಳುವವರೆಗೂ ಕದಲುವುದಿಲ್ಲ.

ಕಾಶಿನಾಥನ ಫೋನು ಬಂದ್ ಆಗಿದೆ. ಹತ್ತಿರದ ಗುಡಗೇರಿಯಲ್ಲಿ ಹೊಸ ಶಿಬಿರ ಎದ್ದಿದೆ ಎಂಬ ಸುದ್ದಿಯಿದೆ. ಅವನೋ, ಅವನಂಥ ಇನ್ನೊಬ್ಬನೋ.

ಓದುಗರೇ, ಅವನನ್ನು ಆಮೇಲೆ ಬೈಯಿರಿ. ನಿಮ್ಮ ಅವ್ವನ, ಅತ್ತೆಯ, ಬಾಜು ಮನೆಯವರ ಕೈಯಲ್ಲಿ ಇಂಥ ಬಳೆ ಇದ್ದರೆ ಪತ್ರಿಕೆ ಕೆಳಗಿಟ್ಟು ಈಗಲೇ ಎದ್ದು ಹೋಗಿ. ಕಲ್ಲು ಯಾವುದೆಂದು ಕೇಳಬೇಡಿ. ಗುಳಿಗೆ ನುಂಗಿದಿರಾ ಎಂದು ಕೇಳಿ, ಉತ್ತರ ಬರುವವರೆಗೆ ಅಲ್ಲೇ ನಿಲ್ಲಿ.